ತೌಡಿಗೆ ಮಾರಿದ ಮಗು

ಆಗೆಲ್ಲ ನಮ್ಮ ಕಡೆ ಮಕ್ಕಳಿಗೆ ಚೆಂದದ ಹೆಸರಿಡಲು ಜನ ಹೆದರುತ್ತಿದ್ದರು. ಹುಟ್ಟಿದ ಮಕ್ಕಳು ನಿಲ್ಲದ ಮನೆಗಳಲ್ಲಂತೂ ಕೇಳುವುದೇ ಬೇಡ. ಇದು ಯಾರಿಗೂ ಬೇಡವಾದ ಮಗು, ಕೊಂಡೊಯ್ದರೂ ಏನೂ ಪ್ರಯೋಜನವಿಲ್ಲ ಎಂದು ವಿಧಿಯನ್ನು ನಂಬಿಸಬೇಕಿತ್ತು. ಹಾಗಾಗಿ ದಂಡಿಗನಹಳ್ಳಿಯ ಸುತ್ತಲಿನ ಯಾವ ಊರಲ್ಲಿ ನಿಂತು ಕಲ್ಲ, ಗುಂಡ, ತಿಪ್ಪ ಎಂದು ಕೂಗಿದರೂ ನಾಲ್ಕಾರು ಜನ ತಿರುಗಿ ನೋಡುತ್ತಿದ್ದರು. ನಾನು ತಿಪ್ಪಮ್ಮ. ಕೆಲಸಕ್ಕೆ ಸೇರಿದ ಮೇಲೆ ಜೊತೆಯವರು ಈ ಹೆಸರು ಕೇಳಿ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ನಗಲಿ ಬಿಡಿ. ಆ ಹೆಸರಿನಿಂದಲೇ ನಾನು ಉಳಿದದ್ದು ಎಂದು ನಮ್ಮಜ್ಜಿ ಸಾಯುವ ತನಕ ನಂಬಿದ್ದಳು.

ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಯಾವ ಮಗುವೂ ಅಂಬೆಗಾಲಿಡುವ ತನಕ ಬದುಕಿರಲಿಲ್ಲ. ನಾನು ಹುಟ್ಟಿದಾಗ ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ನನ್ನನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟುಬಂದಳಂತೆ. ಊರಾಚೆಯ ಕೇರಿಯ ಲಕ್ಕವ್ವನಿಗೆ ಮೊದಲೇ ಹೇಳಿ ಕಳಿಸಿದ್ದರು. ಲಕ್ಕವ್ವ ನಮ್ಮ ಮನೆಯ ಹೊಲಗದ್ದೆಯ ಆಳು. ಅವಳು ಬಂದು ನನ್ನನ್ನು ಎತ್ತಿಕೊಂಡು, ಖಾಲಿಯಾದ ಮೊರಕ್ಕೆ ತೌಡು ಸುರಿದಳು. ಅಲ್ಲಿಗೆ ವ್ಯಾಪಾರ ಮುಗಿಯಿತು. ಗೌಡರ ಮನೆಯ ಮಗು ಒಂದು ಮೊರ ತೌಡಿಗೆ ಕೇರಿಯ ಪಾಲಾಯಿತು. ಆಮೇಲೆ ಲಕ್ಕವ್ವ ತನ್ನ ಹಳೇ ಸೀರೆಯ ತುಂಡಿನಲ್ಲಿ ನನ್ನನ್ನು ಸುತ್ತಿ, ಇದು ನನ್ನ ಮಗು, ನೀವು ಸಾಕಿಕೊಡಿ ಎಂದು ಅವ್ವನ ಮಡಿಲಿಗೆ ಹಾಕಿ ಹೋದಳು. ಹಾಲುಹಲ್ಲು ಬಿದ್ದ ಮೇಲೆ ಸೀರೆ, ಕುಪ್ಪಸ, ಭತ್ತ ಕೊಟ್ಟು ಮಗುವನ್ನು ಬಿಡಿಸಿಕೊಳ್ಳುವುದು ವಾಡಿಕೆ.

ಕೇರಿಯ ಮಗುವೆಂದರೆ ವಿಧಿಯೂ ಮೂಸಿ ನೋಡುವುದಿಲ್ಲ ಎಂಬುದು ಊರವರ ಲೆಕ್ಕಾಚಾರ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಕೇರಿಯಲ್ಲೂ ಮಕ್ಕಳು ಸಾಯುತ್ತಿದ್ದವು. ಅವರು ತಮ್ಮ ಮಕ್ಕಳನ್ನು ಯಾರಿಗೆ ಮಾರಬೇಕಿತ್ತೋ ನನಗೆ ಗೊತ್ತಿಲ್ಲ. ಅಸ್ಪೃಶ್ಯತೆ ಕೂಡದೆಂದು ಕಾನೂನು ಬಂದಿತ್ತಂತೆ. ನಮ್ಮೂರಿನ ತನಕ ಅದಿನ್ನೂ ಬಂದಿರಲಿಲ್ಲ.

ದೊಡ್ಡವರು ಇದನ್ನೆಲ್ಲ ಶಾಸ್ತ್ರಕ್ಕೆಂದು ಮಾಡಿದ್ದರು. ನಾನು ಮಾತ್ರ ಅದನ್ನು ನಿಜವೆಂದೇ ನಂಬಿ ಬೆಳೆದೆ. ಹೆತ್ತವಳು ಅವ್ವ, ಕೊಂಡವಳು ಕೊಂಡವ್ವ. ಹಾಗೆಂದು ನಾನೇ ಹೆಸರು ಕಟ್ಟಿಕೊಂಡು ಕರೆಯುತ್ತಿದ್ದೆ. ಬೆಳಿಗ್ಗೆ ಎದ್ದು ಮುಖ ತೊಳೆದರೆ ಸೀದಾ ಊರಿಗೂ ಕೇರಿಗೂ ನಡುವಿನ ಹುಣಸೆಮರಗಳ ಸಾಲು ದಾಟಿ ಅವಳ ಅಂಗಳಕ್ಕೆ ಓಡುವುದು. ಮನೆಯೆಂದರೆ ಒಂದು ಹುಲ್ಲಿನ ಗುಡಿಸಲು. ಆದರೆ ಅಂಗಳ ಮಾತ್ರ ಸಗಣಿ ಸಾರಿಸಿ, ಮುದ್ದೆಯನ್ನಿಟ್ಟು ಉಣ್ಣಬಹುದು ಎನ್ನುವಷ್ಟು ಚೊಕ್ಕಟವಾಗಿರುತ್ತಿತ್ತು. ಲಕ್ಕವ್ವ ಕಾಲು ಚಾಚಿ ಕೂತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ತಟ್ಟುತ್ತಿದ್ದಳು. ಅವಳ ಸೀರೆಯಲ್ಲಿ ಸೌದೆಹೊಗೆಯ, ಹುರಿದ ಹುಚ್ಚೆಳ್ಳಿನ ವಾಸನೆ. ನನಗೆ ಇವತ್ತಿಗೂ ಎಲ್ಲಾದರೂ ಹುಚ್ಚೆಳ್ಳು ಹುರಿದರೆ ನಿದ್ದೆ ಬಂದಂತಾಗುತ್ತದೆ.

ಅವಳ ಮಗಳು ಪುಟ್ಟಿ ನನಗಿಂತ ತುಸು ದೊಡ್ಡವಳು. ನೆಲದಲ್ಲಿ ಗುಳಿ ತೋಡಿ ಹುಣಸೆಬೀಜ ಹಾಕಿ ಅಳಗುಳಿ ಆಡುತ್ತಿದ್ದೆವು. ಆಟದಲ್ಲಿ ಸೋತರೆ ಪುಟ್ಟಿ ಸಿಡುಕುತ್ತಿದ್ದಳು. ನಮ್ಮವ್ವ ನಿನ್ನನ್ನು ತೌಡು ಕೊಟ್ಟು ತಂದಿದ್ದಾಳೆ, ನನ್ನನ್ನು ಬಿಟ್ಟಿಯಾಗಿ ಹೆತ್ತಿದ್ದಾಳೆ ಎಂದು ಅವಳಿಗೆ ಹೊಟ್ಟೆಕಿಚ್ಚು. ನಾನೂ ಬೀಗುತ್ತಿದ್ದೆ.

ಇದಕ್ಕೆಲ್ಲ ಅಜ್ಜಿಯ ಒಂದು ಕಟ್ಟಳೆ ಇತ್ತು. ಲಕ್ಕವ್ವ ನನ್ನನ್ನು ಮುಟ್ಟಬಹುದು, ಏಕೆಂದರೆ ಬಿಡಿಸಿಕೊಳ್ಳುವ ತನಕ ನಾನು ಅವಳ ಮಗು. ಬೆಲ್ಲ, ಬಾಳೆಹಣ್ಣು, ಕಬ್ಬು ಕೊಡಬಹುದು. ಒಲೆಯ ಮೇಲೆ ಬೆಂದದ್ದು ಮಾತ್ರ ಕೂಡದು. ಒಲೆಯಿಂದ ಮಡಕೆ ಇಳಿಸುವ ಹೊತ್ತಿಗೆ ಸರಿಯಾಗಿ ಲಕ್ಕವ್ವ, ಹೋಗು ಮಗ, ಮನೇಲಿ ಉಂಡು ಬಾ ಎಂದು ಕಳಿಸಿಬಿಡುತ್ತಿದ್ದಳು. ನಮ್ಮ ಕಡೆ ಹೆಣ್ಣುಮಗುವನ್ನೂ ಮಗ ಎಂದೇ ಕರೆಯುವುದು. ಅವರೆಕಾಯಿಯ ಕಾಲದಲ್ಲಿ ಆ ಸಾರಿನ ಸೊಗಡು ಹುಣಸೆಮರಗಳ ತನಕ ನನ್ನ ಹಿಂದೆಯೇ ಬರುತ್ತಿತ್ತು. ನಮ್ಮ ಮನೆಯಲ್ಲೂ ಅದೇ ಅವರೆ, ಅದೇ ರಾಗಿ. ಆದರೂ ನನಗೆ ಅವಳ ಮಡಕೆಯದೇ ಬೇಕಿತ್ತು.

ನಾನು ಹೇಳಹೊರಟದ್ದು ಒಂದು ಸುಗ್ಗಿಯ ಕತೆ. ಆ ವರ್ಷ ಮಳೆಗಾಲದಲ್ಲಿ ನನ್ನ ತಮ್ಮ ಹುಟ್ಟಿದ. ಹುಟ್ಟಿದವನು ಗುಂಡುಗುಂಡಾಗಿ ಉಳಿದುಕೊಂಡ. ಮನೆಯಲ್ಲಿ ಎಲ್ಲರಿಗೂ ಹಿಗ್ಗು, ಅವ್ವನೊಬ್ಬಳನ್ನು ಬಿಟ್ಟು. ಬಾಣಂತನದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ದೀಪಾವಳಿ ಬಂದರೂ ಏಳಲಿಲ್ಲ. ಮಗು ಅತ್ತರೆ ಹಾಲು ಕೊಡುತ್ತಿದ್ದಳು, ಅದರ ಮುಖ ನೋಡುತ್ತಿರಲಿಲ್ಲ. ನಾನು ಹೋಗಿ ಬೆನ್ನು ಮುಟ್ಟಿದರೆ ಹೂಂ ಎನ್ನುತ್ತಿದ್ದಳು, ಅಷ್ಟೇ. ಗಾಳಿ ಸೋಕಿದೆ ಎಂದು ಅಜ್ಜಿ ತಾಯತ ಕಟ್ಟಿಸಿದಳು. ಈಗ ನನಗೆ ಅನ್ನಿಸುವುದೇ ಬೇರೆ. ಅಷ್ಟು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು, ಇದೂ ಹೋಗುತ್ತದೆ, ಮುಖ ನೋಡಿ ಆಸೆ ಹಚ್ಚಿಕೊಳ್ಳುವುದೇಕೆ ಎಂದುಕೊಂಡಿರಬೇಕು.

ಆದರೆ ಆ ತಿಂಗಳುಗಳಲ್ಲಿ ನನಗೇನೂ ಆಗಲಿಲ್ಲ ನೋಡಿ. ತಾಯಿ ಮಾತಾಡಿಸದ ಮಗು ಸೊರಗಬೇಕಿತ್ತು, ನಾನು ಸೊರಗಲಿಲ್ಲ. ತಲೆಗೆ ಎಣ್ಣೆ ಬೀಳುತ್ತಿತ್ತು, ಬೈಗುಳ ಬೀಳುತ್ತಿತ್ತು, ಬಿದ್ದ ಮಂಡಿಗೆ ಯಾರೋ ಉಫ್ ಎಂದು ಊದುತ್ತಿದ್ದರು. ಅವ್ವನ ಕೋಣೆಯಲ್ಲಿ ಸಿಗದ್ದು ಹುಣಸೆಮರಗಳ ಆಚೆ ಸಿಗುತ್ತಿತ್ತು. ಅದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಿದ್ದರೆ ಮುಂದಿನ ತಪ್ಪು ಆಗುತ್ತಿರಲಿಲ್ಲ.

ಹೊಳೆನರಸೀಪುರಕ್ಕೆ ಕೊಟ್ಟಿದ್ದ ಸೋದರತ್ತೆ ತಮ್ಮನನ್ನು ನೋಡಲು ಬಂದಳು. ಪೇಟೆ ನೋಡಿದ ಹೆಂಗಸು, ಮಾತು ಜೋರು. ಗಂಡು ಉಳಿದುಕೊಂಡಿತಲ್ಲ, ಇನ್ನು ಯಾವ ಭಯ, ಗೌಡರ ಮನೆ ಹೆಣ್ಣುಮಗಳು ಎಷ್ಟು ದಿನ ಕೇರಿಯಲ್ಲಿ ಬಿದ್ದಿರಬೇಕು ಎಂದು ಅಜ್ಜಿಯನ್ನು ತರಾಟೆಗೆ ತೆಗೆದುಕೊಂಡಳು. ನನ್ನದೊಂದು ಹಲ್ಲೂ ಆಗ ಅಲ್ಲಾಡಿರಲಿಲ್ಲ. ಅಜ್ಜಿ ಹಿಂದೆ ಮುಂದೆ ನೋಡಿದಳು. ಕೊನೆಗೆ ಮಗಳ ಮಾತು ಗೆದ್ದಿತು. ರಾಗಿ ಕುಯಿಲು ಮುಗಿದು ಮೆದೆ ಒಟ್ಟಿದ ಮೇಲೆ, ಅದೇ ಹಿತ್ತಲಲ್ಲಿ ನನ್ನನ್ನು ಬಿಡಿಸಿಕೊಂಡರು.

ಮೊರದಲ್ಲಿ ಭತ್ತ, ಅದರ ಮೇಲೆ ಹಸಿರು ಸೀರೆ, ಕುಪ್ಪಸದ ಬಟ್ಟೆ, ಬೆಲ್ಲ. ಅಜ್ಜಿ ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಲಕ್ಕವ್ವ ನೆಲದಿಂದ ಎತ್ತಿಕೊಂಡು, ನಿಮ್ಮ ಮಗಳನ್ನು ನಿಮಗೆ ಒಪ್ಪಿಸಿದ್ದೇನೆ ಎಂದಳು. ಅವಳಿಗೆ ಹೊಸ ಸೀರೆ ಸಿಕ್ಕಿತೆಂದು ಸಂಭ್ರಮದಿಂದ ನಾನು ಓಡಿಹೋಗಿ ಅವಳ ಕಾಲು ತಬ್ಬಲು ಹೋದೆ. ಅವಳು ಬೆಂಕಿ ತುಳಿದವಳಂತೆ ಹಿಂದಕ್ಕೆ ಹಾರಿದಳು.

"ಬ್ಯಾಡಿ ಕಣ್ರವ್ವಾ, ಮುಟ್ಬ್ಯಾಡಿ," ಎಂದಳು.

ಮುಟ್ಟಬೇಡಿ ಎಂದದ್ದಕ್ಕಿಂತ ನನಗೆ ಆ 'ಕಣ್ರವ್ವಾ' ಎದೆಗೆ ನಾಟಿತು. ಅಲ್ಲಿಯ ತನಕ ನಾನು 'ಮಗ'. ಬಾ ಮಗ, ಓಗು ಮಗ. ಈಗ ಅಜ್ಜಿಯ ಮುಂದೆ ನಿಂತು ಮಾತಾಡುವ ಹಾಗೆ ನನ್ನನ್ನು ಬಹುವಚನದಲ್ಲಿ ಕರೆದಳು. ನಾನು ಏನೋ ತಪ್ಪು ಮಾಡಿದ್ದೇನೆ, ಅದಕ್ಕೇ ವಾಪಸು ಕೊಟ್ಟುಬಿಟ್ಟಳು ಎಂದುಕೊಂಡೆ. ಇತ್ತ ಅವ್ವ ಗೋಡೆ ನೋಡುತ್ತಿದ್ದಾಳೆ, ಅತ್ತ ಕೊಂಡವ್ವ ದೂರ ನಿಂತಿದ್ದಾಳೆ. ಯಾರ ಮಗುವೂ ಅಲ್ಲದ ಹಾಗೆ ಹಿತ್ತಲ ನಡುವೆ ನಿಂತುಬಿಟ್ಟೆ.

ಆಮೇಲೆ ಸುಗ್ಗಿ ಏರಿತು. ಕಣ ಸಾರಿಸಿ, ರಾಗಿಯ ತೆನೆ ಹರಡಿ, ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸಿ ಕಾಳು ಬಿಡಿಸುವ ಕೆಲಸ. ಮಕ್ಕಳಿಗೆ ಅದಕ್ಕಿಂತ ಹಬ್ಬವಿಲ್ಲ. ಹುಲ್ಲಿನ ರಾಶಿಯ ಮೇಲಿಂದ ಉರುಳುವುದು, ಕೆಂಡದಲ್ಲಿ ಅವರೆಕಾಯಿ ಸುಟ್ಟು ಬಾಯಿ ಕರಿ ಮಾಡಿಕೊಳ್ಳುವುದು. ಲಕ್ಕವ್ವ, ಪುಟ್ಟಿ ಇಬ್ಬರೂ ಕಣದ ಕೆಲಸಕ್ಕೆ ಬರುತ್ತಿದ್ದರು. ಲಕ್ಕವ್ವ ರಾಗಿ ತೂರುತ್ತಾ ನಿಂತರೆ ನಾನು ಮೂಲೆಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದೆ. ಅವಳು ನನ್ನತ್ತ ನೋಡುತ್ತಿರಲಿಲ್ಲ. ಪುಟ್ಟಿ ಒಮ್ಮೆ ಸುಟ್ಟ ಅವರೆ ಹಿಡಿದು ಹತ್ತಿರ ಬಂದಾಗ ಸೋದರತ್ತೆ ದನಿ ಎತ್ತಿ ಅಟ್ಟಿದಳು. ಪುಟ್ಟಿ ಮತ್ತೆ ಬರಲಿಲ್ಲ.

ನಾನು ಮಾತು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ, ಬಾಯಿಗೆ ಮಾತು ಬರುವುದೇ ನಿಂತಿತು. ಆಮೇಲೆ ಊಟ ಬಿಟ್ಟೆ. ಅಜ್ಜಿ ತುತ್ತು ಮಾಡಿ ಬಾಯಿಗಿಟ್ಟರೆ ಅದು ಕೆನ್ನೆಯೊಳಗೇ ಉಳಿಯುತ್ತಿತ್ತು. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮತ್ತೆ ಶುರುವಾಯಿತು. ಅಪ್ಪ ಕಣದ ಕೆಲಸ ಬಿಟ್ಟು, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು, ಚನ್ನರಾಯಪಟ್ಟಣಕ್ಕೆ ಕರೆದೊಯ್ದ. ಡಾಕ್ಟರು ಕಣ್ಣು ಬಿಡಿಸಿ, ಹೊಟ್ಟೆ ಒತ್ತಿ ನೋಡಿ, ಶೀಷೆಯಲ್ಲಿ ಕೆಂಪು ಔಷಧ ಕೊಟ್ಟು, ಮೈಯಲ್ಲಿ ಕಾಯಿಲೆ ಕಾಣುವುದಿಲ್ಲ ಎಂದರು. ಕಾಣದ ಕಾಯಿಲೆಗೆ ಕೆಂಪು ಔಷಧ ನಾಟಲಿಲ್ಲ. ಪಕ್ಕೆಲುಬು ಎಣಿಸಬಹುದು ಎನ್ನುವ ಹಾಗಾದೆ.

ಅಜ್ಜಿಗೆ ಕಾರಣ ಗೊತ್ತಾಗಿತ್ತು, ಅವಳದೇ ರೀತಿಯಲ್ಲಿ. ಹಲ್ಲು ಬೀಳುವ ಮೊದಲೇ ಬಿಡಿಸಿಕೊಂಡೆವು, ವಿಧಿಗೆ ಗುಟ್ಟು ತಿಳಿದುಹೋಯಿತು ಎಂದು ಹಣೆ ಚಚ್ಚಿಕೊಂಡಳು. ಸೋದರತ್ತೆ ಹೊಳೆನರಸೀಪುರಕ್ಕೆ ಬಸ್ಸು ಹತ್ತಿದಳು. ಅಜ್ಜಿ ಅಡುಗೆಮನೆಯಲ್ಲಿ ಕೂತು, ಈ ಮಗನೂ ಹೋಯ್ತದೆ, ಈ ಮಗನೂ ಹೋಯ್ತದೆ ಎಂದು ದೊಡ್ಡದಾಗಿಯೇ ಅಳುತ್ತಿದ್ದಳು. ಆ ಮಾತು ಅವ್ವನ ಕಿವಿಗೆ ಬಿತ್ತು.

ಅವ್ವ ಎದ್ದಳು. ಅದು ನಡು ಮಧ್ಯಾಹ್ನ, ಊರೆಲ್ಲ ಕಣದಲ್ಲಿದ್ದ ಹೊತ್ತು. ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡು, ಒಂದು ಕಂಕುಳಿಗೆ ತಮ್ಮನನ್ನು ಎತ್ತಿ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು, ಹಿತ್ತಲ ಬಾಗಿಲಿಂದ ಹೊರಟಳು. ಅಷ್ಟು ತಿಂಗಳು ಮಲಗಿದ್ದವಳು, ಹುಣಸೆಮರಗಳ ಹತ್ತಿರ ಒಮ್ಮೆ ನಿಂತು ಸುಧಾರಿಸಿಕೊಂಡಳು. ಗೌಡರ ಸೊಸೆ ಕೇರಿಗೆ ಕಾಲಿಟ್ಟದ್ದನ್ನು ಆ ತನಕ ಯಾರೂ ಕಂಡಿರಲಿಲ್ಲ.

ಲಕ್ಕವ್ವ ಉಣ್ಣಲು ಮನೆಗೆ ಬಂದಿದ್ದಳು. ಅವ್ವನನ್ನು ಕಂಡು ಲಕ್ಕವ್ವನ ಗಂಡ ದಡಬಡಿಸಿ ಎದ್ದ. ಊರವರು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ, ದಯವಿಟ್ಟು ಹೋಗಿ ಎಂದು ಕೈ ಮುಗಿದ. ಅವನ ಭಯ ಸುಳ್ಳಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಅವ್ವನಿಗೆ ಬೈಗುಳ, ಅವರಿಗೆ ಪೆಟ್ಟು. ಅವ್ವ ಹೋಗಲಿಲ್ಲ.

"ಲಕ್ಕವ್ವ, ಮಗ ಕೈ ಬುಟ್ಟೋಗ್ತಾ ಐತೆ," ಎಂದಳು. "ಇನ್ನೊಂದ್ಸಲ ಕೊಂಡ್ಕೊ. ನಿನ್ನ ಕಾಲ್ ಇಡಿತೀನಿ."

ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು 'ಲಕ್ಕಿ'. ಅವ್ವ ಆ ದಿನ ಲಕ್ಕವ್ವ ಎಂದಳು. ಲಕ್ಕವ್ವ ನನ್ನ ಕಡೆ ನೋಡಿದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ನೋಡಿದ್ದು. ಅವಳ ಮಾತು ಗಟ್ಟಿಯಾಗಿಯೇ ಬಂತು.

"ಕೊಂಡ್ಕಳಾದು ಬ್ಯಾಡ ಕಣವ್ವಾ. ನೀವ್ ಮಾರಾದು, ಬುಡಿಸ್ಕಳಾದು, ಮತ್ತೆ ಮಾರಾದು, ಇದೇನ್ ದನದ್ ಕರಾನಾ? ಇಷ್ಟ್ ವರ್ಸ ನನ್ ಮಗ ಅಂದ್ರಿ. ಒಂದಿನಾನಾರ ಒಂದ್ ತುತ್ತು ಬೇಸಿ ಇಕ್ಕಕ್ಕೆ ಬುಟ್ರಾ? ಅದ್ಯಾವ ಸೀಮೆ ತಾಯ್ತನ?"

ಅವ್ವ ತಲೆ ತಗ್ಗಿಸಿದಳು. ಲಕ್ಕವ್ವ ಮುಂದುವರಿಸಿದಳು.

"ನಂಗೆ ಸೀರೆನೂ ಬ್ಯಾಡ, ತೌಡು ಕೊಡಾದೂ ಬ್ಯಾಡ. ಮಗ ಬರ್ಲಿ, ಓಗ್ಲಿ. ಬಂದಾಗ ನನ್ ಒಲೆ ಮುಂದೆ ಕುಂತು ಉಣ್ಣಕ್ ಬುಡಿ. ಆಗಕಿಲ್ಲ ಅಂದ್ರೆ ಈಗ್ಲೇ ಕರ್ಕಂಡೋಗಿ."

ಇಂಥ ಮಾತನ್ನು ನಮ್ಮ ಮನೆಯ ಯಾರ ಮುಂದೆಯೂ ಲಕ್ಕವ್ವ ಆಡಿರಲಿಲ್ಲ. ಒಪ್ಪಿದರೆ ಅವ್ವನಿಗೆ ಮನೆಯಲ್ಲಿ ಉಳಿಗಾಲವಿಲ್ಲ, ಒಪ್ಪದಿದ್ದರೆ ನನಗೆ ಉಳಿಗಾಲವಿಲ್ಲ. ಅವ್ವ ಹೆಚ್ಚು ಹೊತ್ತು ಯೋಚಿಸಲಿಲ್ಲ. ಹಿಡಿದಿದ್ದ ನನ್ನ ಕೈಯನ್ನು ಬಿಟ್ಟು, ಬೆನ್ನಿನ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ಬಾ ಮಗ, ಉಣ್ಣು ಬಾ," ಎಂದಳು ಲಕ್ಕವ್ವ.

ಆ ಗುಡಿಸಲಿನ ಒಳಗು ನಾನು ಅದುವರೆಗೆ ಕಂಡಿರಲಿಲ್ಲ. ಕತ್ತಲು, ಬೆಚ್ಚಗೆ, ಮೂಲೆಯಲ್ಲಿ ಒಲೆ. ಪುಟ್ಟಿ ಸರಿದು ಜಾಗ ಕೊಟ್ಟಳು. ಮಣ್ಣಿನ ತಟ್ಟೆಯಲ್ಲಿ ಹಬೆಯಾಡುವ ಮುದ್ದೆ, ಅದರ ಗುಳಿಗೆ ಅವರೆಕಾಳಿನ ಸಾರು. ಲಕ್ಕವ್ವ ಒಂದು ಸಣ್ಣ ತುತ್ತು ಮುರಿದು ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ಅದು ಕೆನ್ನೆಯಲ್ಲಿ ನಿಲ್ಲಲಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ನೀರು ಬಂತು. ಖಾರ ಎಂದೆ. ಬಹಳ ದಿನಗಳ ಮೇಲೆ ನಾನು ಆಡಿದ ಮೊದಲ ಮಾತು ಅದು. ಹೊರಗೆ ಅವ್ವ ಒರಳುಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

ಮನೆಯಲ್ಲಿ ದೊಡ್ಡ ರಂಪವಾಯಿತು. ಅಪ್ಪ ಟವಲು ಕೊಡವಿಕೊಂಡು ಕಣಕ್ಕೆ ಹೋದ. ಅದೇ ಅವನ ಒಪ್ಪಿಗೆ. ಗೌಡರೇ ಒಪ್ಪಿದ ಮೇಲೆ ಊರವರೂ ಲಕ್ಕವ್ವನ ತಂಟೆಗೆ ಹೋಗಲಿಲ್ಲ. ಅಜ್ಜಿ ಒಪ್ಪಲಿಲ್ಲ, ಆದರೆ ನಾನು ಉಂಡದ್ದನ್ನು ಬೇಡ ಎನ್ನಲೂ ಅವಳಿಗೆ ಬಾಯಿ ಬರಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದಳು. ನಾನು ಕೇರಿಯಿಂದ ಬಂದ ತಕ್ಷಣ ಹಿತ್ತಲಲ್ಲಿ ನಿಲ್ಲಿಸಿ, ಹಂಡೆಯ ಬಿಸಿನೀರು ತಲೆಯ ಮೇಲೆ ಸುರಿದು, ಆಮೇಲೆ ಒಳಗೆ ಬಿಡುತ್ತಿದ್ದಳು. ನಾನು ಎಷ್ಟು ಸಲ ಹೋಗಿ ಬರುತ್ತಿದ್ದೆನೋ ಅಷ್ಟು ಸ್ನಾನ. ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಮಿಂದ ಮಗು ಇರಲಿಕ್ಕಿಲ್ಲ. ಬೈಯುತ್ತಲೇ ನೀರು ಹಾಕುತ್ತಿದ್ದಳು, ಬೈಯುತ್ತಲೇ ತಲೆ ಒರೆಸುತ್ತಿದ್ದಳು. ಅದೂ ಒಂದು ಪ್ರೀತಿಯೇ ಎಂದು ಈಗ ಒಪ್ಪಿಕೊಳ್ಳುತ್ತೇನೆ, ಆದರೆ ಆ ನೀರು ಏನನ್ನು ತೊಳೆಯಲು ಸುರಿದದ್ದು ಎಂಬುದನ್ನು ಮರೆತು ಅಲ್ಲ.

ನಾನು ಮೈ ತುಂಬಿಕೊಂಡೆ. ಇನ್ನೊಂದು ಸಂಗತಿ ಯಾರೂ ಎಣಿಸದೆ ನಡೆಯಿತು. ನನ್ನನ್ನು ಕರೆದೊಯ್ಯುವ ನೆಪದಲ್ಲಿ ಅವ್ವ ಸಂಜೆ ಸಂಜೆ ತಮ್ಮನನ್ನು ಎತ್ತಿಕೊಂಡು ಆ ಅಂಗಳಕ್ಕೆ ಬಂದು ಕೂರತೊಡಗಿದಳು. ಲಕ್ಕವ್ವ ತನ್ನ ಸತ್ತ ಮಕ್ಕಳ ಮಾತು ತೆಗೆಯುತ್ತಿದ್ದಳು, ಅವ್ವ ತನ್ನವರದು. ಮನೆಯಲ್ಲಿ ಆ ಮಕ್ಕಳ ಹೆಸರೆತ್ತುವುದು ಅಪಶಕುನವಾಗಿತ್ತು. ಸುಗ್ಗಿ ಮುಗಿಯುವ ಹೊತ್ತಿಗೆ ಅವ್ವ ತಮ್ಮನ ಮುಖ ನೋಡಿ ನಗುವುದನ್ನು ಕಂಡೆ.

ಮುಂದೆ ನಾನು ಓದಿ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ಬಾಲವಾಡಿ ನಡೆಸುವ ಕೆಲಸಕ್ಕೆ ಸೇರಿದೆ. ಒಮ್ಮೆ ಹಾಸನದ ತರಬೇತಿಯಲ್ಲಿ ಒಬ್ಬ ಮೇಡಂ ಕೇಳಿದರು: ಒಂದೇ ಕಷ್ಟ ಇಬ್ಬರು ಮಕ್ಕಳಿಗೆ ಬಂದರೆ ಒಂದು ಕುಸಿಯುತ್ತದೆ, ಒಂದು ಎದ್ದು ನಿಲ್ಲುತ್ತದೆ, ಯಾಕೆ? ಒಬ್ಬರು ದೇವರ ಇಚ್ಛೆ ಎಂದರು, ಒಬ್ಬರು ಮಗುವಿನ ಗಟ್ಟಿತನ ಎಂದರು. ನಾನು ಎದ್ದು ನಿಂತು, ಮಗು ಗಟ್ಟಿಯಿರುವುದಿಲ್ಲ ಮೇಡಂ, ಅದನ್ನು ಹಿಡಿದವರು ಗಟ್ಟಿಯಿರುತ್ತಾರೆ ಎಂದೆ. ನಾನು ಆ ಎರಡೂ ಮಗು ಆಗಿದ್ದವಳು. ಅದೇ ಮನೆ, ಅದೇ ಅವ್ವ, ಅದೇ ಸುಗ್ಗಿ. ಹಿಡಿದ ಕೈಯೊಂದು ಬಿಟ್ಟಾಗ ಬಿದ್ದೆ, ಹಿಡಿದಾಗ ಎದ್ದೆ.

ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಈಗ ನಮ್ಮೂರಲ್ಲಿ ಹುಟ್ಟಿದ ಮಕ್ಕಳು ಉಳಿಯುತ್ತವೆ, ತೌಡಿಗೆ ಮಾರುವ ಅಗತ್ಯವಿಲ್ಲ. ಅದು ಹೋದದ್ದು ಒಳ್ಳೆಯದೇ. ಆದರೆ ಗೋಡೆಗೆ ಮುಖ ಮಾಡಿ ಮಲಗುವ ತಾಯಂದಿರು ಈಗಲೂ ಇದ್ದಾರೆ. ಅಂಥ ಮನೆಯ ಮಗು ಮುಖ ತೊಳೆದುಕೊಂಡು ಸೀದಾ ಓಡಿಹೋಗಲು ಇನ್ನೊಂದು ಅಂಗಳ ಎಲ್ಲಿದೆ? ಮನೆ ಮನೆಗೂ ಗೇಟು ಬಂದಿದೆ. ನಾವು ಕಳೆದುಕೊಂಡದ್ದೇನು ಎಂದು ಕೇಳಿದರೆ ನಾನು ಅದನ್ನು ಹೇಳುತ್ತೇನೆ.

ಮತ್ತೆ ಪುಟ್ಟಿ. ನಾನು ಅವರ ಒಲೆಯ ಮುಂದೆ ಉಂಡು ಬೆಳೆದ ಅಷ್ಟೂ ವರ್ಷ ಅವಳು ನಮ್ಮ ಮನೆಯ ಕೊಟ್ಟಿಗೆ ದಾಟಿ ಒಳಗೆ ಬಂದು ಉಣ್ಣುವಂತಿರಲಿಲ್ಲ. ಅಜ್ಜಿ ತೀರಿಕೊಂಡು, ಲಕ್ಕವ್ವನೂ ತೀರಿಕೊಂಡ ಮೇಲೆ, ಪುಟ್ಟಿ ಗಂಡನ ಮನೆಯಿಂದ ಬಂದಿದ್ದಾಗ ಅವ್ವ ಅವಳನ್ನು ಕರೆಸಿದಳು. ನಡುಮನೆಯಲ್ಲಿ ಮಣೆ ಹಾಕಿ, ಎಲೆ ಹಾಕಿ, ನನ್ನ ಪಕ್ಕದಲ್ಲಿ ಕೂರಲು ಹೇಳಿದಳು. ಪುಟ್ಟಿ ಹೊಸಿಲ ಮೇಲೆ ನಿಂತು ಎಲೆಯನ್ನು ನೋಡಿದಳು, ಅವ್ವನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು.

"ಇವಾಗ ಅಸಿವಿಲ್ಲ ಕಣವ್ವಾ," ಎಂದಳು.